ಹಳೇ ಸರ್ಫ್ ಹಲಗೆ ಕೊಳ್ಳುವಿರಾ? ನೀರು ಕುಡಿದಿದೆಯಾ ನೋಡಿ!

ಘಟ್ಟ ಇಳಿದು ಅಲೆ ಹತ್ತಲು ಹೊರಟ ಮಲೆನಾಡ ಹುಡುಗರಿಗೂ, ದುಡ್ಡು ಕೊಡುವ ಅಪ್ಪಂದಿರಿಗೂ ಒಂದಿಷ್ಟು ಲೆಕ್ಕಾಚಾರ

ಹರಿಹರಪುರ: ಸರ್ಫ್ ಅಂದರೆ ಇಲ್ಲಿನ ಅಂಗಡಿಯವರಿಗೆ ಮೊದಲು ನೆನಪಾಗುವುದು ಬಟ್ಟೆ ಒಗೆಯುವ ಪುಡಿ. "ಚಿಕ್ಕ ಪ್ಯಾಕೆಟ್ಟಾ, ದೊಡ್ಡದಾ?" ಎಂದು ಕೇಳಿ ಕೈ ಹಾಕುವುದು ಸೋಪಿನ ಕಪಾಟಿಗೆ. ಆದರೆ ಘಟ್ಟದ ಕೆಳಗೆ ಮೂಲ್ಕಿ, ಸಸಿಹಿತ್ಲು ಕಡೆ ಇದೇ ಮಾತಿಗೆ ಬೇರೆ ಅರ್ಥ. ಅಲ್ಲಿ ಸರ್ಫ್ ಅಂದರೆ ದಡಕ್ಕೆ ಬಂದು ಒಡೆಯುವ ಅಲೆ. ಆ ಅಲೆಯ ಮೇಲೆ ಉದ್ದನೆಯ ಹಲಗೆ ಬಿಟ್ಟು, ಅದರ ಮೇಲೆ ಎದ್ದು ನಿಂತು ಜಾರಿಕೊಂಡು ಬರುವ ಆಟವೇ ಸರ್ಫಿಂಗ್.

"ಅದು ಸಮುದ್ರದವರ ಪಾಡು, ತುಂಗೆಯ ದಡದವರಿಗೆ ಎಂತಕ್ಕೆ ಮಾರಾಯ್ರೆ?" ಎಂದು ಬಸ್ ಸ್ಟ್ಯಾಂಡಿನಲ್ಲಿ ಕೇಳುವವರು ಇದ್ದಾರು. ಕೇಳುವುದರಲ್ಲಿ ತಪ್ಪಿಲ್ಲ. ಹರಿಹರಪುರದಿಂದ ಅರಬ್ಬೀ ಸಮುದ್ರ ಕಾಗೆ ಹಾರಿದ ಹಾಗೆ ಅಳೆದರೆ ಎಪ್ಪತ್ತು ಕಿ.ಮೀ. ಆಸುಪಾಸು. ಆದರೂ ಇಲ್ಲಿನ ತುಂಗೆ ಆ ಕಡೆ ತಿರುಗಿಯೂ ನೋಡುವುದಿಲ್ಲ. ಕೂಡಲಿಯಲ್ಲಿ ಭದ್ರೆಯನ್ನು ಸೇರಿ, ಕೃಷ್ಣೆಯ ಒಡಲಿಗೆ ಬಿದ್ದು, ಅಷ್ಟು ದೂರದ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ನೀರು ಓಡುವ ದಿಕ್ಕು ಪೂರ್ವವಾದರೆ ಹುಡುಗರು ಓಡುವ ದಿಕ್ಕು ಪಶ್ಚಿಮ. ಓದಲು ನಿಟ್ಟೆ, ಮಣಿಪಾಲ, ಸುರತ್ಕಲ್, ಮಂಗಳೂರು. ಕಾಯಿಲೆ ಬಿದ್ದರೂ ಮಣಿಪಾಲ. ಆಗುಂಬೆ, ಹೆಬ್ರಿ ಮೇಲೆ ಒಂದು ದಾರಿ. ಶೃಂಗೇರಿ, ಕೆರೆಕಟ್ಟೆ, ಎಸ್.ಕೆ. ಬಾರ್ಡರ್, ಬಜಗೋಳಿ ಮೇಲೆ ಕಾರ್ಕಳಕ್ಕೆ ಇನ್ನೊಂದು ದಾರಿ.

ಕಾಲೇಜಿಗೆ ಹೋದ ಹುಡುಗ ಭಾನುವಾರ ಬೀಚಿಗೆ ಹೋಗುತ್ತಾನೆ. ನಾಲ್ಕು ಸಲ ಅಲೆ ಹತ್ತಿ ಬೀಳುತ್ತಾನೆ, ಐದನೇ ಸಲ ನಿಲ್ಲುತ್ತಾನೆ. ಆಮೇಲೆ ಮನೆಗೆ ಫೋನು ಬರುವುದು ಹೀಗೆ: "ಅಪ್ಪಯ್ಯ, ಇಲ್ಲೊಬ್ರು ಊರು ಬಿಟ್ಟು ಹೋಗ್ತಿದಾರೆ. ಹಳೇ ಬೋರ್ಡು ಅಗ್ಗಕ್ಕೆ ಕೊಡ್ತಾರಂತೆ."

ಈ "ಅಗ್ಗಕ್ಕೆ" ಎಂಬ ಮಾತಿನಲ್ಲೇ ಇರುವುದು ಅಪಾಯ. ಅಗ್ಗ ಸಿಕ್ಕಿತೆಂದು ಮುಗ್ಗಿದ ಜೋಳ ಕೊಂಡ ಗಾದೆ ಹಲಗೆಗೂ ಸಲ್ಲುತ್ತದೆ. ಹೊಸ ಫೈಬರ್ ಹಲಗೆಗೆ ಹತ್ತಾರು ಸಾವಿರ ರೂಪಾಯಿ ಬೇಕು. ಹಾಗಾಗಿ ಹೊಸಬರು ಹಳೆಯದನ್ನು ಹುಡುಕುವುದು ಸರಿಯೇ. ಆದರೆ ಹಳೆಯದರಲ್ಲಿ ಎರಡು ಜಾತಿ. ಪೆಟ್ಟು ತಿಂದದ್ದು ಒಂದು, ನೀರು ಕುಡಿದದ್ದು ಇನ್ನೊಂದು. ಪೆಟ್ಟು ತಿಂದದ್ದನ್ನು ರಿಪೇರಿ ಮಾಡಬಹುದು. ನೀರು ಕುಡಿದದ್ದಕ್ಕೆ ಹಾಕಿದ ದುಡ್ಡು ನೀರಿಗೇ ಹಾಕಿದ ದುಡ್ಡು.

ಮೂಲ್ಕಿಯಲ್ಲಿ ಶುರುವಾದದ್ದು

ನಮ್ಮ ಕರಾವಳಿಗೆ ಈ ಆಟ ಕಾಲಿಟ್ಟ ಕಥೆ ಸ್ವಾರಸ್ಯದ್ದು. ಅಮೆರಿಕದಿಂದ ಬಂದು ಸನ್ಯಾಸ ಹಿಡಿದ ಜಾಕ್ ಹೆಬ್ನರ್ ಎಂಬವರು ಮೂಲ್ಕಿಯಲ್ಲಿ ಆಶ್ರಮ ಮಾಡಿಕೊಂಡಿದ್ದರು. ಬೆಳಿಗ್ಗೆ ಜಪ, ಆಮೇಲೆ ಅಲೆ. ಜನ ಇಟ್ಟ ಹೆಸರೇ 'ಸರ್ಫಿಂಗ್ ಸ್ವಾಮಿ'. 2004ರಲ್ಲಿ ಅಲ್ಲಿ ಮಂತ್ರ ಸರ್ಫ್ ಕ್ಲಬ್ ಹುಟ್ಟಿತು. ಭಾರತದ ಮೊದಲ ಸರ್ಫ್ ಕ್ಲಬ್ ಎಂದು ಹೆಸರಾದದ್ದು ಅದೇ. ಮೂಲ್ಕಿಯ ಹುಡುಗಿ ತನ್ವಿ ಜಗದೀಶ್ ನಿಂತು ಹುಟ್ಟು ಹಾಕುವ ಪ್ಯಾಡಲ್ ಹಲಗೆಯಲ್ಲಿ ಹೊರದೇಶಗಳ ಸ್ಪರ್ಧೆಗೆ ಹೋಗುವ ಮಟ್ಟಕ್ಕೆ ಬೆಳೆದದ್ದು ಇದೇ ನೀರಿನಲ್ಲಿ.

2007ರಲ್ಲಿ ಮಣಿಪಾಲದಲ್ಲಿ ಓದುತ್ತಿದ್ದ ಇಶಿತಾ ಮಾಳವೀಯ ಮತ್ತು ತುಷಾರ್ ಪಥಿಯಾನ್ ಎಂಬ ಇಬ್ಬರು ವಿದ್ಯಾರ್ಥಿಗಳಿಗೆ ಜರ್ಮನಿಯಿಂದ ಬಂದ ವಿದ್ಯಾರ್ಥಿಯೊಬ್ಬನ ಮೂಲಕ ಈ ಆಶ್ರಮದ ಗುರುತಾಯಿತು. ಅಲ್ಲಿ ಕಲಿತರು. ಮೊದಮೊದಲು ಇಬ್ಬರಿಗೂ ಸೇರಿ ಒಂದೇ ಹಲಗೆ. ಒಬ್ಬರು ಅಲೆಗೆ ಹೋದರೆ ಇನ್ನೊಬ್ಬರು ದಡದಲ್ಲಿ ಕಾಯುವುದು. ಮುಂದೆ ಉಡುಪಿ ಜಿಲ್ಲೆಯ ಕೋಡಿ ಬೆಂಗ್ರೆಯಲ್ಲಿ ಶಾಕಾ ಸರ್ಫ್ ಕ್ಲಬ್ ಕಟ್ಟಿದವರು ಇವರೇ. ಇಶಿತಾ ಭಾರತದ ಮೊದಲ ವೃತ್ತಿಪರ ಮಹಿಳಾ ಸರ್ಫರ್ ಎನಿಸಿದರು. ಮನೆಗೊಂದು ಹಲಗೆ ಇಲ್ಲದಿದ್ದರೂ ಆಟ ಕಲಿಯಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

2016ರಲ್ಲಿ ಸಸಿಹಿತ್ಲು ಕಡಲತೀರದಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಪಂದ್ಯ ನಡೆಯಿತು. ಶಾಂಭವಿ, ನಂದಿನಿ ಹೊಳೆಗಳು ಸಮುದ್ರ ಸೇರುವ ಜಾಗ ಅದು. 2021ರಲ್ಲಿ ಟೋಕಿಯೋದಲ್ಲಿ ನಡೆದ ಒಲಿಂಪಿಕ್ಸಿಗೂ ಸರ್ಫಿಂಗ್ ಬಂತು. 2025ರ ಆಗಸ್ಟಿನಲ್ಲಿ ತಮಿಳುನಾಡಿನ ಮಹಾಬಲಿಪುರದಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಶಿಪ್ಪಿನಲ್ಲಿ ರಮೇಶ್ ಬುಡಿಹಾಳ್ ಕಂಚು ಗೆದ್ದರು. ಆಟಕ್ಕೆ ಮರ್ಯಾದೆ ಬಂದ ಮೇಲೆ ಹಲಗೆಗೂ ಗಿರಾಕಿ ಬಂದರು. ಗಿರಾಕಿ ಬಂದ ಕಡೆ ಹಳೇ ಮಾಲಿನ ವ್ಯಾಪಾರವೂ ಬರುತ್ತದೆ.

ಮೊದಲು ಬಾಡಿಗೆ, ಆಮೇಲೆ ಖರೀದಿ

ಬಲ್ಲವರು ಹೇಳುವ ಮೊದಲ ಮಾತು: ಎಂಟು ಹತ್ತು ಸಲ ಬಾಡಿಗೆ ಹಲಗೆಯಲ್ಲಿ ಕಲಿಯಿರಿ, ಆಮೇಲೆ ಪರ್ಸು ಬಿಚ್ಚಿ. ಎರಡು ಸಲ ಉಪ್ಪುನೀರು ಮೂಗಿಗೆ ಹೋದ ಮೇಲೆ "ಸಾಕಪ್ಪಾ ಸಾಕು" ಎನ್ನುವವರು ಬೇಕಾದಷ್ಟು. ಅಂಥವರ ಹಲಗೆ ಆಮೇಲೆ ಅಟ್ಟದ ಮೇಲೆ ಅಡಿಕೆ ಮೂಟೆಯ ಪಕ್ಕ ಮಲಗುತ್ತದೆ.

ಎರಡನೇ ಮಾತು ಅಳತೆ. ಪಂದ್ಯದವರು ಬಳಸುವ ಆರಡಿ ಚೂಪು ಹಲಗೆ ನೋಡಲು ಚೆಂದ. ಹೊಸಬ ಅದರ ಮೇಲೆ ಕೂತರೆ ಅರ್ಧ ಮುಳುಗುತ್ತದೆ, ನಿಲ್ಲುವುದು ಕನಸಿನ ಮಾತು. ಹೊಸಬರಿಗೆ ಎಂಟರಿಂದ ಒಂಬತ್ತು ಅಡಿ ಉದ್ದ, ಇಪ್ಪತ್ತೆರಡು ಅಂಗುಲಕ್ಕೆ ಕಡಿಮೆ ಇಲ್ಲದ ಅಗಲ, ಮೂರು ಅಂಗುಲದ ಆಸುಪಾಸು ದಪ್ಪ ಬೇಕು. ಹಲಗೆಯ ಗಾತ್ರವನ್ನು ಲೀಟರಿನಲ್ಲಿ ಹೇಳುವ ರೂಢಿ ಇದೆ. ಅದರ ಗುಟ್ಟು ಸರಳ. ಒಂದು ಲೀಟರ್ ನೀರಿನ ತೂಕ ಒಂದು ಕೆ.ಜಿ. ಎಪ್ಪತ್ತು ಲೀಟರಿನ ಹಲಗೆ ಪೂರ್ತಿ ಮುಳುಗಿದರೆ ಎಪ್ಪತ್ತು ಕೆ.ಜಿ. ನೀರನ್ನು ಸರಿಸುತ್ತದೆ, ಅಂದರೆ ತನ್ನ ತೂಕವೂ ಸೇರಿ ಅಷ್ಟು ಭಾರ ತೇಲಿಸುತ್ತದೆ. ಅರವತ್ತೈದು ಕೆ.ಜಿ. ಆಳಿಗೆ ನಲವತ್ತು ಲೀಟರಿನ ಹಲಗೆ ಹಚ್ಚಿದರೆ ಮಾರುವವನಿಗೆ ಲಾಭ, ಕೊಂಡವನಿಗೆ ಸ್ನಾನ.

ಹಲಗೆಯ ಹೊಟ್ಟೆಯಲ್ಲಿ ಏನಿದೆ?

ಹಲಗೆ ಎಂದರೂ ಇದು ಮರವಲ್ಲ. ಹಿಂದೆ ಹವಾಯಿ ದ್ವೀಪದವರು ಮರ ಕಡೆದೇ ಮಾಡುತ್ತಿದ್ದರು. 1950ರ ದಶಕದ ಕೊನೆಯಿಂದ ಫೋಮಿನ ಕಾಲ ಬಂತು. ಒಳಗೆ ಹಗುರ ಫೋಮು, ಅದರ ನಡುವೆ ಉದ್ದಕ್ಕೂ ಒಂದು ತೆಳು ಮರದ ಪಟ್ಟಿ, ಮೇಲೆ ಗಾಜಿನ ನಾರಿನ ಬಟ್ಟೆ, ಬಟ್ಟೆಗೆ ರೆಸಿನ್. ಮೊಟ್ಟೆಯ ಹಾಗೆ: ಸಿಪ್ಪೆ ಗಟ್ಟಿ, ಒಳಗಿನದು ಮೆತ್ತಗೆ. ಸಿಪ್ಪೆ ಬಿರಿದರೆ ಫೋಮಿಗೆ ನೀರು ಇಳಿಯುತ್ತದೆ. ಇಳಿದ ನೀರು ಬೇಗ ಹೊರಗೆ ಬರುವುದಿಲ್ಲ. ಹಲಗೆ ಭಾರವಾಗುತ್ತದೆ, ಫೋಮು ಕೆಡುತ್ತದೆ, ಸಿಪ್ಪೆ ಫೋಮನ್ನು ಬಿಟ್ಟು ಮೇಲೇಳುತ್ತದೆ.

ಕೊಳ್ಳುವವರು ಮೂರು ಜಾತಿ ಗುರುತಿಟ್ಟುಕೊಂಡರೆ ಸಾಕು. ಒಂದು, ಪಾಲಿಯುರಿಥೇನ್ ಫೋಮಿಗೆ ಪಾಲಿಯೆಸ್ಟರ್ ರೆಸಿನ್ ಹಾಕಿದ್ದು. ಎರಡು, ಥರ್ಮಾಕೋಲಿನ ಜಾತಿಯ ಫೋಮಿಗೆ ಎಪಾಕ್ಸಿ ಹಾಕಿದ್ದು. ಇದು ಹೆಚ್ಚು ಹಗುರ. ಮೂರು, ಮೇಲ್ಮೈಯೆಲ್ಲ ಮೆತ್ತಗಿನ ಸ್ಪಂಜು ಹಾಳೆ ಇರುವ ಸಾಫ್ಟ್ ಟಾಪ್. ಕಲಿಸುವ ಕಡೆ ಕೊಡುವುದು ಹೆಚ್ಚಾಗಿ ಈ ಮೂರನೆಯದನ್ನೇ. ತಲೆಗೆ ಬಡಿದರೂ ಪೆಟ್ಟು ಕಡಿಮೆ. ಹೊಸಬರಿಗೆ ಹಳೇ ಸಾಫ್ಟ್ ಟಾಪ್ ಒಳ್ಳೆಯ ಆಯ್ಕೆ, ಒಳಗೆ ನೀರಿಲ್ಲದಿದ್ದರೆ ಮಾತ್ರ.

ಯಾವ ಜಾತಿ ಎಂದು ಮಾರುವವರನ್ನು ಕೇಳಿ, ಒಂದು ಚೀಟಿಯಲ್ಲಿ ಬರೆದಿಡಿ. ರಿಪೇರಿಯ ದಿನ ಈ ಚೀಟಿಯೇ ಹಲಗೆ ಉಳಿಸುವುದು. ಅದರ ಮಾತು ಮುಂದೆ ಬರುತ್ತದೆ.

ಮೇಣದ ಕೆಳಗೆ ಏನು ಮುಚ್ಚಿದೆ?

ಕಾಲು ಜಾರದಿರಲಿ ಎಂದು ಹಲಗೆಯ ಮೇಲೆ ಮೇಣ ತಿಕ್ಕುತ್ತಾರೆ. ಹಳೇ ಮೇಣ ದಪ್ಪಗೆ ಕೂತರೆ ಬಿರುಕುಗಳೆಲ್ಲ ಅದರಡಿ ಅಡಗುತ್ತವೆ, ಸುಣ್ಣ ಹೊಡೆದ ಗೋಡೆಯ ಹಾಗೆ. ಆದ್ದರಿಂದ ವ್ಯಾಪಾರದ ಮಾತು ಹೀಗಿರಬೇಕು:

"ಎಂತ ಇಲ್ಲ ಮಾರಾಯ್ರೆ, ಒಂದು ಸಣ್ಣ ಗೀರು ಅಷ್ಟೇ."

"ಹೌದಾ? ಹಾಗಾದ್ರೆ ಮೇಣ ಸ್ವಲ್ಪ ಕೆರೀರಿ, ನೋಡಾಣ."

"ಅದೆಲ್ಲ ಎಂತಕ್ಕೆ? ನೀವೇ ಮನೆಗೆ ಹೋಗಿ ಕೆರೀರಿ."

ಇಲ್ಲಿಗೆ ವ್ಯಾಪಾರ ನಿಲ್ಲಿಸಿ, ಮುಂದಿನ ಬಸ್ಸು ಹಿಡಿಯಬಹುದು. ಮೇಣ ಕೆರೆಯಲು ಬಿಡದವರ ಹತ್ತಿರ ಹಲಗೆ ಕೊಳ್ಳಬಾರದು. ಬಿಟ್ಟರೆ ಈ ಪರೀಕ್ಷೆಗಳನ್ನು ಹಗಲು ಬೆಳಕಿನಲ್ಲೇ ಮಾಡಿ:

ತೂಕ: ಎರಡೂ ಕೈಯಲ್ಲಿ ಎತ್ತಿ. ಅದೇ ಅಳತೆಯ, ಅದೇ ಜಾತಿಯ ಇನ್ನೊಂದು ಹಲಗೆ ಪಕ್ಕದಲ್ಲಿದ್ದರೆ ಅದನ್ನೂ ಎತ್ತಿ ನೋಡಿ. ಒಂಬತ್ತು ಅಡಿಯ ಫೈಬರ್ ಹಲಗೆ ಸಾಮಾನ್ಯವಾಗಿ ಆರೆಂಟು ಕೆ.ಜಿ. ಆಸುಪಾಸು. ಕೈಗೆ ವಿಪರೀತ ಭಾರ ಅನ್ನಿಸಿದರೆ ಒಳಗೆ ನೀರಿದೆ ಎಂದೇ ಅನುಮಾನ. ಒಂದು ತುದಿ ಮಾತ್ರ ಜಗ್ಗಿದರೆ ಅನುಮಾನ ಇನ್ನೂ ಗಟ್ಟಿ.

ಹೆಬ್ಬೆರಳು: ನಿಲ್ಲುವ ಜಾಗವನ್ನೆಲ್ಲ ಒತ್ತುತ್ತ ಹೋಗಿ. ಹಿಮ್ಮಡಿ ಒತ್ತಿದ ಸಣ್ಣ ತಗ್ಗುಗಳು ಎಲ್ಲ ಹಲಗೆಗೂ ಬರುತ್ತವೆ, ಅದಕ್ಕೆ ಹೆದರಬೇಡಿ. ಆದರೆ ಒತ್ತಿದಾಗ ಚರ್ಮ ಒಳಗೆ ಹೋಗಿ ಮತ್ತೆ ಉಬ್ಬಿದರೆ ಸಿಪ್ಪೆ ಫೋಮನ್ನು ಬಿಟ್ಟಿದೆ ಎಂದರ್ಥ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಹಲಸಿನ ಹಣ್ಣು ತಟ್ಟಿ ಹೇಳಬಲ್ಲ ಮಲೆನಾಡಿನವರಿಗೆ ಇದನ್ನು ಕಲಿಸಬೇಕಾಗಿಲ್ಲ. ಎಲ್ಲ ಕಡೆ ಒಂದೇ ಸದ್ದು ಬಂದು, ಒಂದು ಕಡೆ ಮಾತ್ರ ಬೊಳಬೊಳ ಎಂದರೆ ಅಲ್ಲಿ ಟೊಳ್ಳು.

ಅಡ್ಡ ಗೆರೆ: ಹಲಗೆಯನ್ನು ಬಿಸಿಲಿಗೆ ಓರೆ ಹಿಡಿದು ನೋಡಿ. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಅಡ್ಡವಾಗಿ ಸುಕ್ಕಿನ ಗೆರೆ ಇದ್ದರೆ, ಅದೇ ಜಾಗದಲ್ಲಿ ತಳದಲ್ಲೂ ಇದ್ದರೆ, ಹಲಗೆಯ ಬೆನ್ನೆಲುಬು ಮುರಿದಿದೆ. ಪುಕ್ಕಟೆ ಕೊಟ್ಟರೂ ಯೋಚಿಸಿ.

ಬಣ್ಣ: ಬಿಳಿ ಹಲಗೆ ಹಳದಿಯಾದರೆ ಅದು ಬಿಸಿಲಿನ, ವಯಸ್ಸಿನ ಗುರುತು. ಬೆಲೆ ಇಳಿಸಿ ಕೇಳಲು ಸಾಕು, ಬಿಟ್ಟು ಹೋಗಲು ಕಾರಣವಲ್ಲ. ಆದರೆ ಒಂದು ಬಿರುಕಿನ ಸುತ್ತ ಮಾತ್ರ ಕಂದು ಕಲೆ ಹರಡಿದ್ದರೆ ನೀರು ಅಲ್ಲಿಂದಲೇ ಇಳಿದಿದೆ.

ಫಿನ್ನಿನ ಬುಡ: ತಳದ ಹಿಂಭಾಗದಲ್ಲಿ ಮೀನಿನ ರೆಕ್ಕೆಯಂಥ ಫಿನ್ನು ಒಂದೋ ಮೂರೋ ಇರುತ್ತವೆ. ಫಿನ್ನು ಹೋದರೆ ಹೊಸದು ಸಿಗುತ್ತದೆ. ಅದು ಕೂರುವ ಪೆಟ್ಟಿಗೆ ಹಲಗೆಯೊಳಗೆ ಅಂಟಿಸಿದ್ದು. ಫಿನ್ನು ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಪೆಟ್ಟಿಗೆಯೇ ಅಲುಗಿದರೆ, ಸುತ್ತ ಬಿರುಕಿದ್ದರೆ, ರಿಪೇರಿ ದುಬಾರಿ. ಕಾಲಿಗೆ ಕಟ್ಟುವ ಹಗ್ಗದ ಗೂಟವನ್ನೂ ಹೀಗೆಯೇ ನೋಡಿ.

ಉಪ್ಪಿನ ರುಚಿ: ಬಿರುಕು ಇದ್ದು ನೀರು ಹೋಗಿದೆಯೋ ಇಲ್ಲವೋ ಎಂಬ ಗೊಂದಲ ಬಂದರೆ, ಒರೆಸಿ, ಬಾಯಿಟ್ಟು ಹೀರಿ ನೋಡುವವರಿದ್ದಾರೆ. ನಾಲಿಗೆಗೆ ಉಪ್ಪುನೀರು ಬಂದರೆ ಮಾತು ಮುಗಿಯಿತು. ನಾಚಿಕೆಯಾದರೆ ಬಿರುಕನ್ನು ಕೆಳಮುಖ ಮಾಡಿ ಕಾಗದದ ಮೇಲೆ ಒಂದು ತಾಸು ಇಡಿ. ಕಾಗದ ಒದ್ದೆಯಾದರೆ ಅದೇ ಉತ್ತರ.

ಸಾಫ್ಟ್ ಟಾಪಿನಲ್ಲಿ ಬಿರುಕು ಕಾಣುವುದಿಲ್ಲ. ಅಲ್ಲಿ ನೋಡಬೇಕಾದ್ದು ಮೂರು: ತಳದ ನುಣುಪು ಹಾಳೆ ಅಂಚಿನಲ್ಲಿ ಕಿತ್ತು ಬಂದಿದೆಯೇ, ಫಿನ್ನಿನ ಸ್ಕ್ರೂ ತೂತು ದೊಡ್ಡದಾಗಿದೆಯೇ, ಎತ್ತಿದಾಗ ಭಾರವೇ. ಇದರೊಳಗೆ ಸೇರಿದ ನೀರು ಒಣಗಿಸುವುದು ಫೈಬರಿಗಿಂತಲೂ ಕಷ್ಟ.

ಬೆಲೆ ಕಟ್ಟುವ ಲೆಕ್ಕ

ವ್ಯಾಪಾರ ಬಲ್ಲವರಿಗೆ ಇದು ಎರಡು ನಿಮಿಷದ ಕೆಲಸ. ಅದೇ ಜಾತಿಯ ಹಲಗೆ ಸುಸ್ಥಿತಿಯಲ್ಲಿದ್ದರೆ ಏನು ಬೆಲೆ ಎಂದು ಎರಡು ಕಡೆ ವಿಚಾರಿಸಿ. ಅದರಿಂದ ರಿಪೇರಿಯ ಖರ್ಚು ಕಳೆಯಿರಿ. ಹೊಸ ಕಾಲುಹಗ್ಗದ ಬೆಲೆ ಕಳೆಯಿರಿ. ಹಳೇ ಕಾಲುಹಗ್ಗ ಎಷ್ಟೇ ಚೆನ್ನಾಗಿ ಕಂಡರೂ ನಂಬಬಾರದು. ಬಿಸಿಲಿಗೆ, ಉಪ್ಪಿಗೆ ಒಳಗೇ ಒಡೆದಿರುತ್ತದೆ. ಅಲೆಯಲ್ಲಿ ಅದು ತುಂಡಾದರೆ ಹಲಗೆ ಒಂದು ಕಡೆ, ಈಜಲು ಬಾರದ ಹುಡುಗ ಒಂದು ಕಡೆ. ಉಳಿದದ್ದು ನ್ಯಾಯವಾದ ಬೆಲೆ. ಹಿಂದೆ ರಿಪೇರಿಯಾದ ಹಲಗೆ ಎಂದ ಮಾತ್ರಕ್ಕೆ ಮೂಗು ಮುರಿಯಬೇಡಿ. ತೇಪೆ ನುಣುಪಾಗಿ, ಗಟ್ಟಿಯಾಗಿ ಕೂತಿದ್ದರೆ ಹಳೇ ಯಜಮಾನ ಹಲಗೆಯನ್ನು ಜೋಪಾನ ಮಾಡಿದ್ದಾನೆ ಎಂದೇ ಗುರುತು.

ಮಾರುವವರಿಗೂ ಒಂದು ಮಾತು. ಬಿರುಕಿನ ಮೇಲೆ ಸ್ಟಿಕ್ಕರ್ ಅಂಟಿಸಿ ಮಾರಿದರೆ ಒಂದು ಸಲ ದುಡ್ಡು ಸಿಕ್ಕೀತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ಏಟು ಬಿದ್ದ ದಿನವೇ ಮದ್ದು

ಕೊಂಡದ್ದಾಯಿತು. ಇನ್ನು ಏಟು ಬೀಳುವುದು ಗ್ಯಾರಂಟಿ. ಬಂಡೆಗೆ ತಾಗುತ್ತದೆ, ಇನ್ನೊಬ್ಬರ ಹಲಗೆಗೆ ಡಿಕ್ಕಿಯಾಗುತ್ತದೆ, ಬಸ್ಸಿನ ಟಾಪಿನಿಂದ ಇಳಿಸುವಾಗ ಮೂಗು ಕುಟ್ಟುತ್ತದೆ. ಸಮುದ್ರದಲ್ಲಿ ಬೀಳುವ ಏಟಿನಷ್ಟೇ ದಾರಿಯಲ್ಲೂ ಬೀಳುತ್ತದೆ.

ಹೊಸಬರು ಮಾಡುವ ತಪ್ಪು ಒಂದೇ: "ಸಣ್ಣದಲ್ವಾ, ಇವತ್ತೊಂದಿನ ಆಡಿಬಿಡ್ತೀನಿ." ಆ ಒಂದು ದಿನದಲ್ಲೇ ಹಲಗೆ ನೀರು ಕುಡಿಯುವುದು. ಬಿರುಕು ಕಂಡ ಕೂಡಲೇ ನೀರಿನಿಂದ ಹೊರಗೆ ಬರಬೇಕು. ಬಿರುಕು ಕೂದಲೆಳೆಯಷ್ಟಿದ್ದು, ಒಳಗೆ ನೀರು ಹೋಗಿಲ್ಲವೆಂದು ಖಾತ್ರಿಯಿದ್ದರೆ, ಒರೆಸಿ ಒಣಗಿಸಿ ಗಟ್ಟಿ ಟೇಪು ಸುತ್ತಿ ಆ ದಿನದ ಮಟ್ಟಿಗೆ ಸುಧಾರಿಸಬಹುದು. ಟೇಪು ಮದ್ದಲ್ಲ, ಬರೀ ಬ್ಯಾಂಡೇಜು.

ಮನೆಗೆ ತಂದ ಮೇಲೆ ಸಿಹಿನೀರಿನಲ್ಲಿ ತೊಳೆಯಿರಿ. ಬಿರುಕು ಕೆಳಮುಖವಾಗುವಂತೆ ನೆರಳಿನಲ್ಲಿ, ಗಾಳಿಯಾಡುವ ಜಾಗದಲ್ಲಿ ನಿಲ್ಲಿಸಿ. ಒಂದು ದಿನಕ್ಕೆ ಒಣಗದು. ಹಲವು ದಿನ, ಮಲೆನಾಡಿನ ಮಳೆಗಾಲವಾದರೆ ವಾರಗಳೇ ಬೇಕು. "ಅಡಿಕೆ ಒಣಗೋ ಅಂಗಳದಲ್ಲಿ ಎರಡು ದಿನ ಬಿಸಿಲಿಗೆ ಹಾಕಿದ್ರೆ ಆಯ್ತಲ್ಲ" ಎನ್ನುವ ಅಜ್ಜಂದಿರಿಗೆ ಕೈ ಮುಗಿದು ಬೇಡ ಎನ್ನಬೇಕು. ಸುಡುಬಿಸಿಲಿಗೆ ಒಳಗಿನ ಗಾಳಿ, ಆವಿ ಹಿಗ್ಗಿ ಸಿಪ್ಪೆಯನ್ನು ಉಬ್ಬಿಸುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಮುಚ್ಚಿದ ಕಾರು, ಒಲೆಯ ಮೇಲಿನ ಅಟ್ಟ, ತಗಡಿನ ಮಾಡಿನಡಿ, ಎಲ್ಲವೂ ಇದಕ್ಕೆ ಶತ್ರು.

ಪೂರ್ತಿ ಒಣಗಿದ ಮೇಲೆ ರಿಪೇರಿ. ಮೇಣ ತೆಗೆದು, ಸಡಿಲವಾದ ಚೂರುಗಳನ್ನು ಬ್ಲೇಡಿನಿಂದ ಕತ್ತರಿಸಿ, ಸುತ್ತ ಒರಟು ಸ್ಯಾಂಡ್ ಪೇಪರಿನಿಂದ ಉಜ್ಜಬೇಕು. ನುಣುಪಿನ ಮೇಲೆ ರೆಸಿನ್ ಹಿಡಿಯುವುದಿಲ್ಲ. ಗುಂಡಿ ಇದ್ದರೆ ರೆಸಿನಿಗೆ ಹಗುರ ಪುಡಿ ಬೆರೆಸಿ ತುಂಬಬೇಕು. ಅದರ ಮೇಲೆ ಗಾಯಕ್ಕಿಂತ ಸುತ್ತ ಒಂದಂಗುಲ ದೊಡ್ಡದಾಗಿ ಕತ್ತರಿಸಿದ ಫೈಬರ್ ಬಟ್ಟೆ ಇಟ್ಟು ರೆಸಿನ್ ಹಚ್ಚಬೇಕು. ಗಟ್ಟಿಯಾದ ಮೇಲೆ ಒರಟಿನಿಂದ ನುಣುಪಿನ ಪೇಪರಿಗೆ ಇಳಿಯುತ್ತ ಉಜ್ಜಿ ಸಮ ಮಾಡಬೇಕು. ಗಾಜಿನ ಪುಡಿ ಶ್ವಾಸಕೋಶಕ್ಕೆ, ಹಾರ್ಡನರ್ ಕಣ್ಣಿಗೆ ಅಪಾಯ. ಮಾಸ್ಕು, ಕೈಗವಸು, ಕನ್ನಡಕ ಇಲ್ಲದೆ ಕೂರಬಾರದು. ಮಕ್ಕಳಿರುವ ಪಡಸಾಲೆಯಲ್ಲಂತೂ ಈ ಕೆಲಸ ಬೇಡವೇ ಬೇಡ.

ದೋಣಿ ರೆಸಿನ್ ಎಲ್ಲದಕ್ಕೂ ಆಗದು

ಆ ಚೀಟಿಯ ಮಾತು ಬರುವುದು ಇಲ್ಲಿ. ಮಲ್ಪೆ, ಮಂಗಳೂರು ಕಡೆ ಮೀನುಗಾರಿಕೆಯ ಫೈಬರ್ ದೋಣಿಗಳಿವೆ. ಅವನ್ನು ರಿಪೇರಿ ಮಾಡುವ ಕೈಗಳೂ ಇವೆ. ಹಿಂದೆ ಮರದ ದೋಣಿಯ ಸಂದಿಗೆ ಹತ್ತಿ ತುರುಕಿ, ರಾಳ ಬಳಿದು ನೀರು ತಡೆದವರ ಮೊಮ್ಮಕ್ಕಳು ಇವತ್ತು ರೆಸಿನ್ ಕಲಸುತ್ತಾರೆ. ಹಲಗೆಯ ಬಿರುಕು ಅವರಿಗೆ ಎಡಗೈ ಕೆಲಸ. ಆದರೆ ದೋಣಿಗೆ ಸಾಮಾನ್ಯವಾಗಿ ಬಳಸುವುದು ಪಾಲಿಯೆಸ್ಟರ್ ರೆಸಿನ್. ಮೊದಲ ಜಾತಿಯ ಹಲಗೆಗೆ ಅದು ಸರಿಯಾಗಿ ಹಿಡಿಯುತ್ತದೆ. ಎರಡನೇ ಜಾತಿಯ ಥರ್ಮಾಕೋಲ್ ಫೋಮಿಗೆ ತಾಗಿದರೆ ಬೆಲ್ಲಕ್ಕೆ ಬಿಸಿನೀರು ಬಿಟ್ಟ ಹಾಗೆ ಫೋಮು ಕರಗಿ ಕುಳಿ ಬೀಳುತ್ತದೆ. ಬೆರಳಗಲದ ಗಾಯ ಅಂಗೈ ಅಗಲವಾಗುತ್ತದೆ. ಎಪಾಕ್ಸಿಯಾದರೆ ಎರಡೂ ಜಾತಿಗೆ ನಡೆಯುತ್ತದೆ. ಯಾವುದೆಂದು ಗೊತ್ತಿಲ್ಲದಿದ್ದರೆ ಎಪಾಕ್ಸಿಯೇ ಕ್ಷೇಮ.

ಬೆರೆಸುವುದರಲ್ಲೂ ಎರಡಕ್ಕೂ ಒಂದೇ ಪದ್ಧತಿಯಲ್ಲ. ಪಾಲಿಯೆಸ್ಟರಿಗೆ ಹಾರ್ಡನರ್ ನೂರಕ್ಕೆ ಒಂದೆರಡು ಭಾಗ ಮಾತ್ರ. "ಬೇಗ ಒಣಗಲಿ" ಎಂದು ಕೈತುಂಬ ಸುರಿದರೆ ಡಬ್ಬಿಯೇ ಬಿಸಿಯೇರಿ ಹೊಗೆಯಾಡುತ್ತದೆ. ಎಪಾಕ್ಸಿಗೆ ಡಬ್ಬಿಯ ಮೇಲೆ ಬರೆದ ಪಾಲು ಕಡಿಮೆಯೂ ಆಗಬಾರದು, ಹೆಚ್ಚೂ ಆಗಬಾರದು. ತಪ್ಪಿದರೆ ಎಷ್ಟು ದಿನ ಕಾದರೂ ಅಂಟಂಟಾಗಿಯೇ ಉಳಿಯುತ್ತದೆ. ಬಿಸಿಲಿಗೆ ಹಿಡಿದರೆ ತಾನೇ ಗಟ್ಟಿಯಾಗುವ ಟ್ಯೂಬಿನ ರೆಸಿನ್ನೂ ಬಂದಿದೆ. ಸಣ್ಣ ಗಾಯಕ್ಕೆ ಅದು ಅನುಕೂಲ. ಅದನ್ನೂ ಹಲಗೆಯ ಜಾತಿ ನೋಡಿಯೇ ಕೊಳ್ಳಬೇಕು.

ಹಾರ್ಡ್‌ವೇರ್ ಅಂಗಡಿಯ ಗಲ್ಲಾ ಮುಂದೆ ಬರುವ ಮಾಮೂಲು ಪ್ರಶ್ನೆಗೂ ಉತ್ತರ ಇಟ್ಟುಕೊಳ್ಳಿ. "ನೀರಿನ ಟ್ಯಾಂಕಿಗೆ ಹಾಕೋ ಎಂ-ಸೀಲ್ ಹಾಕಬಹುದಾ?" ತೂತು ಮುಚ್ಚೀತು, ಆದರೆ ಭಾರ, ಬಾಗುವುದಿಲ್ಲ, ಹಲಗೆ ಬಾಗಿದಾಗ ಪಕ್ಕದಲ್ಲೇ ಹೊಸ ಬಿರುಕು ಬರುತ್ತದೆ. ತಾತ್ಕಾಲಿಕಕ್ಕೆ ಮಾತ್ರ. ಮರಕ್ಕೆ ಹಾಕುವ ಸಾಮಾನ್ಯ ಬಿಳಿ ಗೋಂದು ನೀರಿನಲ್ಲಿ ಬಿಡುತ್ತದೆ. ಸೈಕಲ್ ಪಂಕ್ಚರಿನ ಸೊಲ್ಯೂಷನ್ ಥರ್ಮಾಕೋಲನ್ನು ತಿನ್ನುತ್ತದೆ. ಹತ್ತು ರೂಪಾಯಿ ಉಳಿಸಲು ಹೋಗಿ ಹಲಗೆ ಕಳೆದುಕೊಳ್ಳುವ ದಾರಿಗಳಿವು.

ಫಿನ್ನಿನ ಪೆಟ್ಟಿಗೆ ಕಿತ್ತರೆ, ಹಲಗೆ ಅಡ್ಡ ಮುರಿದರೆ, ಸಿಪ್ಪೆ ಊರಗಲ ಎದ್ದರೆ ಮನೆಮದ್ದು ಬೇಡ. ಹಲಗೆ ಕಲಿಸುವವರ ಹತ್ತಿರವೇ ಒಯ್ದು ಕೇಳಿ.

ಬಸ್ಸಿನ ಟಾಪಿನ ಮೇಲೆ

ಒಂಬತ್ತು ಅಡಿ ಹಲಗೆಯನ್ನು ಸೀಟಿನ ಪಕ್ಕ ನಿಲ್ಲಿಸಿಕೊಂಡು ಬರುತ್ತೇನೆ ಎಂದರೆ ಕಂಡಕ್ಟರು ಕೆಳಗಿಳಿಸುವುದು ನ್ಯಾಯವೇ. ಹತ್ತುವ ಮೊದಲೇ ಕೇಳಿ. ಟಾಪಿನ ಮೇಲೆ ಹಾಕಲು ಒಪ್ಪಿದರೆ ಫಿನ್ನು ಬಿಚ್ಚಿ, ಮೂಗು ಮತ್ತು ಬಾಲಕ್ಕೆ ಹಳೇ ಕಂಬಳಿ ಸುತ್ತಿ, ಹಗ್ಗವನ್ನು ಹದವಾಗಿ ಬಿಗಿಯಿರಿ. ಕಬ್ಬಿಣದ ಏಣಿಗೆ ಜಜ್ಜುವಂತೆ ಬಿಗಿದರೆ ಆಗುಂಬೆಯ 14 ಹಿಮ್ಮುರಿ ತಿರುವು ಮುಗಿಯುವುದರೊಳಗೆ ಹಲಗೆಗೆ ಹಗ್ಗದ ಗಾಯ. ತೆಂಗಿನಕಾಯಿ ಚೀಲದ ಕೆಳಗೆ ಹಾಕಿಸಬೇಡಿ. ಇದಕ್ಕಿಂತ ಜಾಣತನ ಎಂದರೆ ಹಲಗೆಯನ್ನು ಕರಾವಳಿಯಲ್ಲೇ ನಂಬಿಕಸ್ತರ ಮನೆಯಲ್ಲಿ ನೆರಳಿನಲ್ಲಿ ಬಿಟ್ಟು ಬರುವುದು.

ತುಂಗೆಯಲ್ಲಿ ಪರೀಕ್ಷೆ ಬೇಡ!

ಊರಿಗೆ ತಂದವರಿಗೆ ಕಡೆಯ, ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ. "ಸಮುದ್ರ ದೂರ, ಹೊಳೆ ಹತ್ತಿರ" ಎಂದು ಹಲಗೆಯನ್ನು ತುಂಗೆಗೆ ಬಿಡುವ ಆಸೆ ಬರುತ್ತದೆ. ಸಮುದ್ರದ ಅಲೆ ದಡಕ್ಕೆ ತಳ್ಳುತ್ತದೆ. ಹೊಳೆಯ ಸೆಳವು ಕೆಳಕ್ಕೆ ಒಯ್ಯುತ್ತದೆ, ಬಿಡುವುದೇ ಇಲ್ಲ. ಸಮುದ್ರದಲ್ಲಿ ಜೀವ ಕಾಯುವ ಕಾಲುಹಗ್ಗವೇ ಹೊಳೆಯಲ್ಲಿ ಜೀವ ತೆಗೆಯಬಲ್ಲದು. ಹಗ್ಗ ಬಂಡೆಗೋ ಬಿದ್ದ ಮರದ ಕೊಂಬೆಗೋ ಸಿಕ್ಕಿತು ಎನ್ನಿ: ಮೇಲಿನಿಂದ ನೀರು ಒತ್ತುತ್ತದೆ, ಕಾಲಿನ ಕಡೆ ಬಗ್ಗಿ ಪಟ್ಟಿ ಬಿಚ್ಚಲು ಕೈ ಹೋಗುವುದಿಲ್ಲ. ಎಂಥ ಈಜುಗಾರನೂ ಅಲ್ಲಿ ಅಸಹಾಯಕ. ಹರಿಯುವ ನೀರಿನಲ್ಲಿ ಕಣಕಾಲಿಗೆ ಹಗ್ಗ ಕಟ್ಟಬಾರದು ಎಂಬುದು ಪ್ಯಾಡಲ್ ಹಲಗೆಯವರ ಮೊದಲ ಪಾಠ. ಮಳೆಗಾಲದ ತುಂಗೆಯ ಹತ್ತಿರವಂತೂ ಹಲಗೆಯ ಮಾತೇ ಬೇಡ.

ಮಳೆಗಾಲದಲ್ಲಿ ಸಮುದ್ರವೂ ಹೊಸಬರದ್ದಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೇ ಕರ್ನಾಟಕ ಕರಾವಳಿಯಲ್ಲಿ ನಿಷೇಧ. ಹುಟ್ಟಿನಿಂದ ಕಡಲು ಕಂಡವರೇ ದೋಣಿ ದಡಕ್ಕೆಳೆದು ಕೂತಿರುವಾಗ, ಘಟ್ಟದ ಮೇಲಿನ ಹುಡುಗ ಹಳೇ ಹಲಗೆ ಹಿಡಿದು ಇಳಿಯುವುದು ಶೌರ್ಯವಲ್ಲ. ಮಳೆ ನಿಂತು ಕಡಲು ತಣ್ಣಗಾದ ಮೇಲೆ, ಈಜು ಕಲಿತು, ಕಲಿಸುವವರ ಜತೆಯಲ್ಲೇ ಇಳಿಯಬೇಕು.

ಆ ನಾಲ್ಕು ತಿಂಗಳು ಸುಮ್ಮನೆ ಕೂರಬೇಕಾಗಿಲ್ಲ. ಹಲಗೆಯ ಮೇಣ ಕೆರೆದು, ತೊಳೆದು, ಗಾಯ ಹುಡುಕಿ, ಒಣಗಿಸಿ ಮುಚ್ಚಲು ಅದೇ ಸಕಾಲ. ಮನೆಯವರಿಗೂ ಒಂದು ಕಿವಿಮಾತು: ಹುಡುಗ ಕೇಳಿದ ಕೂಡಲೇ "ಹುಚ್ಚಾಟ" ಎಂದು ಬೈಯಬೇಡಿ, ಕೇಳಿದ ಕೂಡಲೇ ದುಡ್ಡೂ ಕಳಿಸಬೇಡಿ. "ಮೇಣ ಕೆರೆದು ನೋಡಿದ್ಯಾ? ಎತ್ತಿ ನೋಡಿದ್ಯಾ? ಒಳಗೆ ನೀರಿದ್ಯಾ? ನಿಂಗೆ ಈಜು ಬರ್ತದಾ?" ಎಂದು ನಾಲ್ಕು ಪ್ರಶ್ನೆ ಕೇಳಿ. ನಾಲ್ಕಕ್ಕೂ ನೆಟ್ಟಗೆ ಉತ್ತರ ಕೊಟ್ಟ ಹುಡುಗನಿಗೆ ದುಡ್ಡು ಕಳಿಸಲು ಅಡ್ಡಿಯಿಲ್ಲ.